ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮಾಲೀಕರಿಂದ ಮನೆ ಕೊಳ್ಳುವುದು ಹೇಗೆ?

“ನೋಡಿ ಇವ್ರೇ, ಒಂದು ಹತ್ತು ಅಂದ್ರೆ ಒಂದು ಹತ್ತೇ. ಚೌಕಾಸಿ ಮಾಡೋದಾದ್ರೆ ಕಾಫಿ ಕುಡಿದು ಹೊರಡಿ.”

2025ರ ಆಷಾಢದಲ್ಲಿ, ಮೈಸೂರಿನ ಹಳೆ ಬಡಾವಣೆಯೊಂದರ ಮನೆಯಲ್ಲಿ, ಉಯ್ಯಾಲೆ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರು ನಮಗೆ ಹೇಳಿದ ಮೊದಲ ಮಾತು ಇದು. ಒಂದು ಹತ್ತು ಅಂದರೆ ಒಂದು ಕೋಟಿ ಹತ್ತು ಲಕ್ಷ. 30x40 ಸೈಟು, 2003ರಲ್ಲಿ ಕಟ್ಟಿದ 12 ಚದರದ (ಒಂದು ಚದರ ಅಂದರೆ 100 ಚದರಡಿ) ಮನೆ, ಹಿತ್ತಲಲ್ಲಿ ಒಂದು ತೆಂಗಿನ ಮರ. ಅಮ್ಮನ ಮನೆಯಿಂದ ಎರಡೇ ಬೀದಿ ದೂರ. ನಮಗೆ ಬೇಕೇ ಬೇಕು ಅನ್ನಿಸಿದ ಮನೆ.

ಕಾಫಿ ಕುಡಿದು ಹೊರಟೆವು. ಆಮೇಲೆ ಆರೇಳು ಸಲ ಹೋದೆವು. ಕೊನೆಗೆ 95 ಲಕ್ಷದ 50 ಸಾವಿರಕ್ಕೆ ಮನೆ ಕೈಗೆ ಬಂತು. ಅಷ್ಟರಲ್ಲಿ ಮಾಡಿದ ತಪ್ಪುಗಳೂ ಕಲಿತದ್ದೂ ಎರಡೂ ಸಾಕಷ್ಟಿವೆ. ಸೈಟು, ಮನೆ, ಹಳೇ ಫ್ಲ್ಯಾಟು, ಯಾವುದೇ ಇರಲಿ, ಮಾಲೀಕರಿಂದ ನೇರವಾಗಿ ಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ ಅಂತ ಬರೆಯುತ್ತಿದ್ದೇನೆ. ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ಕೊಳ್ಳುವುದು ಬೇರೆಯದೇ ಆಟ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಹೆಜ್ಜೆ 1: ಮಾತಿಗೆ ಮುಂಚೆ ಲೆಕ್ಕ

ಹಠಮಾರಿ ಮಾಲೀಕರ ಮುಂದೆ ಕೂತಾಗ ನಮ್ಮ ಹತ್ತಿರ ನಮ್ಮದೇ ಅಂತ ಒಂದು ರೇಟ್ ಇಲ್ಲದಿದ್ದರೆ ಮುಗಿಯಿತು. ಅವರು ಹೇಳಿದ ರೇಟೇ ಗೂಟ, ನಾವು ಅದರ ಸುತ್ತ ಸುತ್ತುವ ಹಸು. ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಳ್ಳಿ.

ಹಳೇ ಮನೆಯ ಬೆಲೆ ಅಂದರೆ ಎರಡು ಬೆಲೆ. ಒಂದು ಸೈಟಿನದು, ಇನ್ನೊಂದು ಕಟ್ಟಡದ್ದು. ಸೈಟಿನ ಬೆಲೆ ಏರುತ್ತದೆ, ಕಟ್ಟಡದ್ದು ಇಳಿಯುತ್ತದೆ. ಮಾಲೀಕರು ಎರಡನ್ನೂ ಏರಿಸಿಯೇ ಹೇಳುತ್ತಾರೆ. ನಮ್ಮ ಲೆಕ್ಕ ಹೀಗಿತ್ತು. ಆ ಬೀದಿಯಲ್ಲಿ ಖಾಲಿ ಸೈಟು ಅಡಿಗೆ ಸುಮಾರು 6,000ಕ್ಕೆ ಹೋಗುತ್ತಿತ್ತು. 1,200 ಅಡಿಗೆ 72 ಲಕ್ಷ. ಅಂಥದ್ದೇ ಮನೆ ಈಗ ಹೊಸದಾಗಿ ಕಟ್ಟಿಸಿದರೆ ಚದರಕ್ಕೆ 2 ಲಕ್ಷ, 12 ಚದರಕ್ಕೆ 24 ಲಕ್ಷ. ಆದರೆ ಮನೆಗೆ 22 ವರ್ಷ ಆಗಿದೆ. ವರ್ಷಕ್ಕೆ ಶೇ. 1.5ರಂತೆ ಸವಕಳಿ ಕಳೆದರೆ ಶೇ. 33 ಹೋಗುತ್ತದೆ. ಉಳಿದದ್ದು ಸುಮಾರು 16 ಲಕ್ಷ. ಎರಡೂ ಸೇರಿ 88.

ಬೀದಿಯ ರೇಟ್ ಗೊತ್ತಾಗುವುದು ಹೇಗೆ? ಬ್ರೋಕರ್ ಹೇಳಿದ್ದನ್ನು ಪೂರ್ತಿ ನಂಬಬೇಡಿ. ಜಾಹೀರಾತಿನ ರೇಟನ್ನಂತೂ ನಂಬಲೇಬೇಡಿ. ಅದು ಕೇಳುವ ರೇಟು, ಸಿಕ್ಕ ರೇಟಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಪಕ್ಕದ ಬೀದಿಯಲ್ಲಿ ಮಾರಾಟವಾದ ಆಸ್ತಿಯ ಇಸಿ (ಋಣಭಾರ ಪತ್ರ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ) ತೆಗೆದರೆ ಕ್ರಯಪತ್ರದಲ್ಲಿ ಬರೆದ ಮೊತ್ತ ಕಾಣುತ್ತದೆ. ಅದರಲ್ಲೂ ಒಂದು ಎಚ್ಚರಿಕೆ ಇರಲಿ. ಕೆಲವರು ಪತ್ರದಲ್ಲಿ ಕಡಿಮೆ ಬರೆಸಿರುತ್ತಾರೆ. ಹಾಗಾಗಿ ಅದನ್ನು ತಳದ ರೇಟು ಅಂತ ಇಟ್ಟುಕೊಳ್ಳಿ. ಸರ್ಕಾರದ ಗೈಡೆನ್ಸ್ ವ್ಯಾಲ್ಯೂ, ಅಂದರೆ ಆ ಜಾಗಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ, ಕೂಡ ನೋಡಿ. ಅದಕ್ಕಿಂತ ಕಡಿಮೆಗೆ ಕೊಂಡರೂ ಮುದ್ರಾಂಕ ಶುಲ್ಕವನ್ನು ಗೈಡೆನ್ಸ್ ವ್ಯಾಲ್ಯೂ ಮೇಲೆಯೇ ಕಟ್ಟಬೇಕು. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆದಾಯ ತೆರಿಗೆಯಲ್ಲಿ ಇಬ್ಬರಿಗೂ ತಲೆನೋವು.

ಆಮೇಲೆ ಕೈಯಿಂದ ಹೋಗುವ ದುಡ್ಡಿನ ಲೆಕ್ಕ. ನಗರದಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ ಶೇ. 2. ಒಟ್ಟು ಶೇ. 7.6. ಬ್ರೋಕರ್‌ಗೆ ನಮ್ಮ ಕಡೆ ಸಾಮಾನ್ಯವಾಗಿ ಶೇ. 1. ಇನ್ನು ಬ್ಯಾಂಕು ಸಾಲ ಕೊಡುವುದು ನೀವು ಒಪ್ಪಿಕೊಂಡ ರೇಟಿನ ಮೇಲಲ್ಲ, ಅವರ ವ್ಯಾಲ್ಯೂಯರ್ (ಮನೆಗೆ ಬೆಲೆ ಕಟ್ಟುವವರು) ಹೇಳಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಅದರ ಮೇಲೆ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 80, ಅದರ ಮೇಲಿನ ಸಾಲಕ್ಕೆ ಶೇ. 75 ಮಿತಿ. ನಮ್ಮ ಮನೆಗೆ ವ್ಯಾಲ್ಯೂಯರ್ ಹಾಕಿದ್ದು 90. ಸಾಲ ಸಿಕ್ಕಿದ್ದು 72. ಅಂದರೆ ಮನೆಗೆ 23.5 ಲಕ್ಷ, ನೋಂದಣಿಗೆ 7 ಲಕ್ಷದ 26 ಸಾವಿರ, ಬ್ರೋಕರ್‌ಗೆ 95 ಸಾವಿರ. ಹತ್ತಿರ ಹತ್ತಿರ 32 ಲಕ್ಷ ಕೈಯಿಂದ. ಸುಣ್ಣ ಬಣ್ಣ ಬೇರೆ.

ಇಷ್ಟೂ ಆದ ಮೇಲೆ ಹಾಳೆಯ ಕೆಳಗೆ ಒಂದೇ ಸಂಖ್ಯೆ ಬರೆಯಿರಿ. ಇದರ ಮೇಲೆ ಒಂದು ರೂಪಾಯಿಯೂ ಇಲ್ಲ ಅನ್ನುವ ಸಂಖ್ಯೆ. ನಾವು ಬರೆದದ್ದು 96. ಲೆಕ್ಕಕ್ಕೆ 88 ಬಂದರೂ 96 ಯಾಕೆ? ಅಮ್ಮ ಎರಡು ಬೀದಿ ದೂರ ಇದ್ದಾರಲ್ಲ, ಅದಕ್ಕೆ. ಅದು ನಮ್ಮ ಖುಷಿಯ ಬೆಲೆ, ಮಾರುಕಟ್ಟೆ ಬೆಲೆ ಅಲ್ಲ. ಎರಡನ್ನೂ ಬೇರೆ ಬೇರೆ ಬರೆದುಕೊಂಡರೆ ತಲೆ ಸ್ವಚ್ಛವಾಗಿರುತ್ತದೆ.

ಹೆಜ್ಜೆ 2: ಚೌಕಾಸಿಗೆ ಮುಂಚೆ ಕಾಗದ

ರೇಟು ಕುದುರಿದ ಮೇಲೆ ಕಾಗದ ನೋಡೋಣ ಅನ್ನುವವರೇ ಜಾಸ್ತಿ. ಉಲ್ಟಾ ಮಾಡಿ. ಮೊದಲ ಅಥವಾ ಎರಡನೇ ಭೇಟಿಯಲ್ಲೇ ಜೆರಾಕ್ಸ್ ಕೇಳಿ: ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಇ-ಖಾತಾ (ನಗರಾಡಳಿತದ ಡಿಜಿಟಲ್ ಆಸ್ತಿ ದಾಖಲೆ), ಕಂದಾಯದ ರಸೀದಿ, ಪ್ಲಾನ್, ಇಸಿ. ಆನ್‌ಲೈನಿನಲ್ಲಿ ಇಸಿ ಸಿಗುವುದು 2004ರಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯ, ಈ ಮನೆ ಮಾರಲು ಯಾರ್‍ಯಾರ ಸಹಿ ಬೇಕು ಅನ್ನುವುದು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳಿಗೂ ಸಮಪಾಲಿದೆ, ಮದುವೆಯಾಗಿ ಹೋಗಿದ್ದರೂ. ಸ್ವಯಾರ್ಜಿತವಾದರೂ ಮಕ್ಕಳ ಒಪ್ಪಿಗೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ) ಮೇಲೆ ಮಾರುತ್ತೇನೆ ಅಂದರೆ ಎದ್ದು ಬನ್ನಿ. ಬರೀ ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕಾಗದದಲ್ಲಿ ಕೊರತೆ ಸಿಕ್ಕರೆ ಅದನ್ನು ದೊಣ್ಣೆ ಮಾಡಿಕೊಳ್ಳುವ ಆಸೆ ಬರುತ್ತದೆ. “ನಿಮ್ಮ ಖಾತಾನೇ ಸರಿ ಇಲ್ಲ, ಐದು ಲಕ್ಷ ಕಡಿಮೆ ಮಾಡಿ” ಅನ್ನುವ ವರಸೆ. ಹಠಮಾರಿಗಳ ಹತ್ತಿರ ಇದು ನಡೆಯುವುದಿಲ್ಲ. ಮೇಷ್ಟ್ರಿಗೆ ಇ-ಖಾತಾ ಆಗಿರಲಿಲ್ಲ. ಈಗ ಅದಿಲ್ಲದೆ ನಗರದಲ್ಲಿ ನೋಂದಣಿಯೇ ಆಗುವುದಿಲ್ಲ. ನಾನು ಅದನ್ನು ಎತ್ತಿ ಆಡಲಿಲ್ಲ. “ಮೇಷ್ಟ್ರೇ, ಓಡಾಟ ನನಗೆ ಬಿಡಿ, ಸಹಿ ಮಾತ್ರ ನಿಮ್ಮದು” ಅಂದೆ. ಎರಡು ದಿನ ರಜೆ ಹಾಕಿ ಅವರ ಜೊತೆ ಸುತ್ತಿದೆ. ಆ ಎರಡು ದಿನ ಸ್ಕೂಟರಿನ ಹಿಂದೆ ಕೂತು ಅವರು ಹೇಳಿದ ಮಾತುಗಳಿಗೆ ಬೆಲೆ ಕಟ್ಟಲಾಗದು.

ಹೆಜ್ಜೆ 3: ಹಠ ಎಲ್ಲಿಂದ ಬಂತು?

ಈ ಹೆಜ್ಜೆಗೇ ನಾನು ಹೆಚ್ಚು ಹೊತ್ತು ಕೊಡುವುದು. ಮಾಲೀಕರು ಒಂದು ರೇಟಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದಾರೆ ಅಂದರೆ ಆ ರೇಟಿನ ಹಿಂದೆ ಏನೋ ಒಂದು ಇದೆ. ಅದು ಗೊತ್ತಾಗುವವರೆಗೆ ನೀವು ಒಂದೊಂದು ಲಕ್ಷ ಏರಿಸುತ್ತಾ ಹೋಗುವುದು ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ. ನಾನು ಕಂಡ ಕಾರಣಗಳಲ್ಲಿ ಕೆಲವನ್ನು ಹೇಳುತ್ತೇನೆ.

ಒಂದು, ತೆರಿಗೆಯ ಭಯ. “ಮಾರಿದರೆ ಇಪ್ಪತ್ತು ಲಕ್ಷ ಟ್ಯಾಕ್ಸ್ ಹೋಗುತ್ತಂತೆ” ಅಂತ ಯಾರೋ ಹೇಳಿರುತ್ತಾರೆ. ಆ ಇಪ್ಪತ್ತನ್ನು ರೇಟಿಗೆ ಸೇರಿಸಿ ಕೂತಿರುತ್ತಾರೆ. ನಿಜಕ್ಕೂ ತೆರಿಗೆ ಬೀಳುವುದು ಲಾಭದ ಮೇಲೆ, ಮಾರಿದ ಪೂರ್ತಿ ಮೊತ್ತದ ಮೇಲಲ್ಲ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಗೆ ಇಲ್ಲಿ ವಾಸವಿರುವವರಿಗೆ ಎರಡು ದಾರಿ ಇದೆ: ಲಾಭದ ಮೇಲೆ ನೇರವಾಗಿ ಶೇ. 12.5, ಇಲ್ಲವೇ ಬೆಲೆಯೇರಿಕೆಯ ಲೆಕ್ಕ ಕಳೆದು ಉಳಿದದ್ದಕ್ಕೆ ಶೇ. 20. ಯಾವುದು ಕಡಿಮೆಯೋ ಅದು. ಆ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ. ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ಹಾಕಿದರೂ ವಿನಾಯಿತಿ. ಇದನ್ನೆಲ್ಲ ನೀವೇ ಪಾಠ ಮಾಡಲು ಹೋಗಬೇಡಿ. ಮೇಷ್ಟ್ರಿಗೆ ಪಾಠ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅವರದ್ದೇ ನಂಬಿಕೆಯ ಆಡಿಟರ್ ಹತ್ತಿರ ಒಮ್ಮೆ ಕೂತು ಲೆಕ್ಕ ಹಾಕಿಸಿ ಅನ್ನಿ, ಸಾಕು. ನಮ್ಮ ವ್ಯವಹಾರದಲ್ಲಿ ಒಂದು ಹತ್ತು ಒಂದು ಐದಕ್ಕೆ ಇಳಿದದ್ದು ಆಡಿಟರ್ ಮನೆಗೆ ಹೋಗಿ ಬಂದ ಮರುದಿನವೇ.

ಎರಡು, ನಿರ್ಧಾರ ಮಾಡುವವರು ಬೇರೆ ಯಾರೋ. ಎದುರು ಕೂತವರು ಬರೀ ಅಂಚೆಯವರು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗನೋ ಮಗಳೋ ಫೋನಿನಲ್ಲಿ “ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ” ಅಂದಿರುತ್ತಾರೆ. ಪ್ರತಿ ಸಲ “ಒಂದೆರಡು ದಿನ ಬಿಟ್ಟು ಹೇಳ್ತೀವಿ” ಅನ್ನುವ ಉತ್ತರ ಬರುತ್ತಿದ್ದರೆ ಅನುಮಾನ ಪಡಿ. “ಮಕ್ಕಳೂ ಇರುವಾಗ ಒಂದು ಭಾನುವಾರ ಕೂತು ಮಾತಾಡೋಣ್ವಾ?” ಅಂತ ಕೇಳುವುದರಲ್ಲಿ ತಪ್ಪಿಲ್ಲ. ಅಂದಹಾಗೆ, ಮನೆ ವಿದೇಶದಲ್ಲಿರುವ ಮಗನ ಹೆಸರಿನಲ್ಲೇ ಇದ್ದರೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಲೆಕ್ಕವೇ ಬೇರೆ, ಕಡಿತ ತುಂಬಾ ಜಾಸ್ತಿ. ಆಡಿಟರ್ ಇಲ್ಲದೆ ಕೈ ಹಾಕಬೇಡಿ.

ಮೂರು, ಬ್ರೋಕರ್ ಹಚ್ಚಿದ ತುಪ್ಪ. ಮನೆ ತನ್ನ ಕೈಗೇ ಸಿಗಲಿ ಅಂತ “ಸಾರ್, ಒಂದು ಹತ್ತು ಕೊಡಿಸ್ತೀನಿ” ಅಂತ ಮೂಗಿಗೆ ಸವರಿ ಹೋಗಿರುತ್ತಾನೆ. ಮಾಲೀಕರು ಅದನ್ನೇ ನೆಕ್ಕಲು ನೋಡುತ್ತಾ ಕೂತಿರುತ್ತಾರೆ. ಇದಕ್ಕೆ ಔಷಧ ಕಾಲ ಮಾತ್ರ. ಮೂರು ತಿಂಗಳು ಯಾರೂ ಬರದಿದ್ದರೆ ತುಪ್ಪದ ವಾಸನೆ ತಾನಾಗಿ ಹೋಗುತ್ತದೆ.

ನಾಲ್ಕು, ನೆನಪು. ಎರಡನೇ ಭೇಟಿಯಲ್ಲಿ ಮೇಷ್ಟ್ರು ಒಳಗಿಂದ ಒಂದು ಬೈಂಡ್ ಪುಸ್ತಕ ತಂದರು. ಮನೆ ಕಟ್ಟಿಸಿದ ಲೆಕ್ಕ. ಸಿಮೆಂಟ್ ಮೂಟೆ, ಕಬ್ಬಿಣ, ಮರಳಿನ ಲೋಡು, ಎಲ್ಲ ದಿನಾಂಕ ಸಮೇತ, ಕೆಂಪು ಇಂಕಿನಲ್ಲಿ ಗೆರೆ ಎಳೆದು. ಮೋಲ್ಡ್ ಹಾಕಿದ ದಿನದ ಪುಟದಲ್ಲಿ ಕೊನೆಯ ಸಾಲು: ‘ಕೆಲಸದವರಿಗೆ ಪಾಯಸದ ಊಟ’. ನಾನು ದಡ್ಡ, ಪುಸ್ತಕ ಮುಚ್ಚಿಟ್ಟು ಸವಕಳಿ ಲೆಕ್ಕ ಶುರು ಮಾಡಿದೆ. ಅವರ ಮುಖ ಗಂಟಾಯಿತು. ಆವತ್ತು ಮಾತು ಮುರಿಯಿತು. ಈಗ ಆ ಜಾಗದಲ್ಲಿ ಕೂತರೆ ಪುಟ ಪುಟ ನೋಡುತ್ತೇನೆ, ಮೋಲ್ಡ್ ದಿನ ಮಳೆ ಬಂತಾ ಅಂತ ಕೇಳುತ್ತೇನೆ. ರೇಟಿನ ಮಾತು ಮುಂದಿನ ವಾರಕ್ಕೆ.

ಐದನೆಯದು ನಮ್ಮ ಮೇಷ್ಟ್ರ ನಿಜವಾದ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ನಮಗೆ ಗೊತ್ತಾದದ್ದೂ ಆಮೇಲೆಯೇ.

ಹೆಜ್ಜೆ 4: ರೇಟಿನ ಮಾತು

ಮೊದಲ ಮಾತು ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಕೆಳಗಿರಲಿ, ಆದರೆ ಅವಮಾನ ಆಗುವಷ್ಟು ಕೆಳಗೆ ಬೇಡ. ಒಂದು ಹತ್ತು ಕೇಳಿದವರಿಗೆ 70 ಅಂದರೆ ಗೇಟು ಮುಚ್ಚುತ್ತದೆ. ನಾವು 84ರಿಂದ ಶುರು ಮಾಡಿದೆವು. ಆಮೇಲೆ 89, ಆಮೇಲೆ 92, ಆಮೇಲೆ 94. ಹೆಜ್ಜೆಗಳನ್ನು ಗಮನಿಸಿ: ಐದು, ಮೂರು, ಎರಡು. ಚಿಕ್ಕದಾಗುತ್ತಾ ಹೋದರೆ ಎದುರಿನವರಿಗೆ ಇವರ ಚೀಲದ ತಳ ಹತ್ತಿರ ಬಂತು ಅಂತ ಬಾಯಿ ಬಿಟ್ಟು ಹೇಳದೆಯೇ ಗೊತ್ತಾಗುತ್ತದೆ. ಪ್ರತಿ ಸಲ ಐದೈದು ಏರಿಸಿದರೆ ಇನ್ನೂ ಐದು ಇದೆ ಅಂತಲೇ ಅರ್ಥ.

ಒಂದೇ ದಿನ ಎರಡು ಸಲ ಏರಿಸಬೇಡಿ. ಏರಿಸುವಾಗ ಒಂದು ಕಾರಣ ಜೊತೆಗಿರಲಿ. “ಮೋಟರ್ ಹೊಸದು ಅಂದ್ರಲ್ಲ, ಅದನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ.” ಕಾರಣ ಇಲ್ಲದೆ ಏರಿದರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತದೆ.

ಮನೆಯ ಕೊರತೆ ಹೇಳುವುದು ಹೇಗೆ? ಮಳೆ ಬಂದ ಮರುದಿನ ಹೋಗಿ ನೋಡಿ. ತಾರಸಿಯ ಮೂಲೆ, ಸಜ್ಜಾದ ಕೆಳಭಾಗ, ಬಚ್ಚಲಿನ ಹಿಂದಿನ ಗೋಡೆ. ಅಲ್ಲಿ ತೇವ ಇದ್ದರೆ ಫೋಟೋ ತೆಗೆದು, ಮೇಸ್ತ್ರಿಯಿಂದ ರಿಪೇರಿ ಖರ್ಚು ಬರೆಸಿ, ಆ ಚೀಟಿಯನ್ನು ಮುಂದಿಡಿ. ‘ನಿಮ್ಮ ಮನೆ ಸೋರುತ್ತೆ’ ಅನ್ನುವುದಕ್ಕೂ ‘ತಾರಸಿ ವಾಟರ್‌ಪ್ರೂಫಿಂಗ್‌ಗೆ ಇಷ್ಟಾಗುತ್ತಂತೆ’ ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಮನೆಯನ್ನು ಬೈದ ಹಾಗೆ. ಬ್ಯಾಂಕಿನ ವ್ಯಾಲ್ಯೂಯರ್ ಹೇಳಿದ ಬೆಲೆಯನ್ನೂ ಹೀಗೇ ಬಳಸಿ. ಅದು ನೀವು ಹೇಳಿದ್ದಲ್ಲ, ಮೂರನೆಯವರು ಹೇಳಿದ್ದು. ಸಿಟ್ಟು ಬಂದರೂ ಬ್ಯಾಂಕಿನ ಮೇಲೆ ಬರುತ್ತದೆ.

ಕಹಿ ಮಾತನ್ನು ಬ್ರೋಕರ್ ಕೈಲಿ ಹೇಳಿಸಿ, ಸಿಹಿ ಮಾತನ್ನು ನೀವೇ ಹೇಳಿ. ಅವನ ಕಮಿಷನ್ನಿಗೆ ಇದೂ ಒಂದು ಕೆಲಸ.

ಹೆಜ್ಜೆ 5: ದುಡ್ಡಲ್ಲದ ದುಡ್ಡು

ರೇಟು ಅಲ್ಲಾಡದಿದ್ದಾಗ ಬೇರೆ ಏನು ಕೊಡಬಹುದು ನೋಡಿ. ಮಗಳ ಮನೆ ಹತ್ತಿರ ಮೇಷ್ಟ್ರು ದಂಪತಿ ತೆಗೆದುಕೊಂಡ ಫ್ಲ್ಯಾಟಿನ ಕೀಲಿ ಸಿಗಲು ಇನ್ನೂ ಐದಾರು ತಿಂಗಳಿತ್ತು. ನೋಂದಣಿ ಆದ ಮೇಲೂ ನಾಲ್ಕು ತಿಂಗಳು ಇಲ್ಲೇ ಇರಿ, ಬಾಡಿಗೆ ಬೇಡ ಅಂದೆವು. ಎರಡು ಸಲ ಸಾಮಾನು ಸಾಗಿಸುವ ಗೋಳು ಅವರಿಗೆ ತಪ್ಪಿತು. ನಮಗೆ ಆದದ್ದು ನಾಲ್ಕು ತಿಂಗಳ ಬಾಡಿಗೆಯ ನಷ್ಟ, ಅಷ್ಟೆ.

ಆದರೆ ಇದನ್ನು ಬಾಯಿ ಮಾತಲ್ಲಿ ಬಿಡಬೇಡಿ. ನೋಂದಣಿಯ ನಂತರ ಹಳೇ ಮಾಲೀಕರು ಮನೆಯಲ್ಲಿ ಉಳಿಯುವುದು ಎಷ್ಟೇ ಒಳ್ಳೆಯವರಾದರೂ ಅಪಾಯವೇ. ಬಿಡುವ ದಿನಾಂಕ ಬರೆದ ಒಂದು ಪ್ರತ್ಯೇಕ ಕರಾರು, ಜೊತೆಗೆ ಅವರಿಂದ ಎರಡು ಲಕ್ಷ ಠೇವಣಿ ತೆಗೆದುಕೊಂಡೆವು. ಮನೆ ಬಿಟ್ಟ ದಿನ ವಾಪಸು.

ಇನ್ನೂ ಇಂಥವು ಎಷ್ಟೋ ಇವೆ. ಬೇಗ ಅಡ್ವಾನ್ಸ್ ಕೊಡುವುದು. ಹಳೇ ಬೀರು, ಮಂಚ ಬಿಟ್ಟು ಹೋಗುತ್ತೇವೆ ಅಂದರೆ ಒಪ್ಪಿಕೊಳ್ಳುವುದು. ಬಾಡಿಗೆಯವರನ್ನು ಬಿಡಿಸುವ ಜವಾಬ್ದಾರಿಯನ್ನು ಮಾತ್ರ ಹೊತ್ತುಕೊಳ್ಳಬೇಡಿ. ಅದು ಮಾಲೀಕರ ಕೆಲಸ, ಖಾಲಿ ಮಾಡಿಸಿಯೇ ಕೊಡಲಿ.

ಹೆಜ್ಜೆ 6: “ಇಪ್ಪತ್ತು ಬ್ಲ್ಯಾಕ್ ಕೊಡಿ”

ಈ ಮಾತು ಬಂದೇ ಬರುತ್ತದೆ. ನಯವಾಗಿ ಆದರೆ ಕಡ್ಡಿ ತುಂಡು ಮಾಡಿದ ಹಾಗೆ ಬೇಡ ಅನ್ನಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಬೀಳುವುದು ಪಡೆದವರಿಗೆ ಅನ್ನುವುದನ್ನು ಮಾಲೀಕರಿಗೆ ತಿಳಿಸಿ. ನಮಗೂ ನಷ್ಟ: ಪತ್ರದಲ್ಲಿ ಬರೆದ ಮೊತ್ತ ಕಡಿಮೆಯಾದರೆ ಸಾಲ ಕಡಿಮೆ, ಮುಂದೆ ನಾವು ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ಜಾಸ್ತಿ. “ನಂದು ಬ್ಯಾಂಕ್ ಸಾಲ ಸಾರ್, ನಗದು ಎಲ್ಲಿಂದ ತರ್ಲಿ?” ಅನ್ನುವುದು ಎಲ್ಲರಿಗೂ ಅರ್ಥವಾಗುವ ಉತ್ತರ.

ಹಾಗೇ ಟಿಡಿಎಸ್ ವಿಷಯವನ್ನೂ ಇದೇ ಹೊತ್ತಲ್ಲಿ ಹೇಳಿಬಿಡಿ. 50 ಲಕ್ಷ ಅಥವಾ ಅದಕ್ಕೂ ಮೇಲಿನ ಮನೆಗೆ ಕೊಳ್ಳುವವರು ಶೇ. 1 ಹಿಡಿದು ಮಾಲೀಕರ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟಬೇಕು. ನಮ್ಮದರಲ್ಲಿ 95,500. ಇದನ್ನು ನೋಂದಣಿ ದಿನ ಹೇಳಿದರೆ “ಒಂದು ಲಕ್ಷ ನುಂಗಿದರು” ಅಂತ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಜಗಳ ಶುರುವಾಗುತ್ತದೆ. ಅವರ ತೆರಿಗೆ ಲೆಕ್ಕಕ್ಕೇ ಅದು ಜಮೆಯಾಗುತ್ತದೆ ಅಂತ ಮೊದಲೇ ತಿಳಿಸಿದರೆ ಎರಡು ನಿಮಿಷದ ಮಾತು.

ಹೆಜ್ಜೆ 7: ಸುಮ್ಮನಿರುವುದು

94ಕ್ಕೆ ನಾವು ನಿಂತೆವು. ಅವರು ಒಂದು ಐದಕ್ಕೆ ನಿಂತರು. ಶ್ರಾವಣ ಪೂರ್ತಿ ಹೀಗೇ ಹೋಯಿತು.

ಆಷಾಢದಲ್ಲಿ ಮನೆ ನೋಡುವವರು ಕಡಿಮೆ. ಮೈಸೂರಿನ ಜನ ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುತ್ತಾರೆ, ಅಡ್ವಾನ್ಸ್ ಕೊಡುವುದಿಲ್ಲ. ಮಾತುಕತೆ ಶುರು ಮಾಡಲು ಅದು ಒಳ್ಳೆ ಕಾಲ, ಪೈಪೋಟಿ ಇಲ್ಲ. ಮುಗಿಸಲು ಶ್ರಾವಣ. ಪಿತೃಪಕ್ಷ ಬರುತ್ತಿದೆ ಅಂದರೆ ಎರಡೂ ಕಡೆಯವರಿಗೆ ಬೇಗ ಮುಗಿಸೋಣ ಅನ್ನಿಸುತ್ತದೆ. ನಂಬಿಕೆ ಇರಲಿ ಬಿಡಲಿ, ಕ್ಯಾಲೆಂಡರ್ ನೋಡಿಕೊಂಡು ಮಾತಾಡಿ.

ಸುಮ್ಮನಿರುವುದು ಅಂದರೆ ಸಂಪರ್ಕ ಕಡಿದುಕೊಳ್ಳುವುದಲ್ಲ. “ನಮ್ಮ ರೇಟು ಇದೇ ಮೇಷ್ಟ್ರೇ, ನಿಮಗೆ ಬೇರೆ ಕಡೆ ಜಾಸ್ತಿ ಸಿಕ್ಕರೆ ಖಂಡಿತ ಕೊಡಿ, ಬೇಜಾರಿಲ್ಲ” ಅಂತ ಹೇಳಿ ಬನ್ನಿ. ಮುಖ್ಯವಾಗಿ, ನಿಜಕ್ಕೂ ಇನ್ನೆರಡು ಮನೆ ನೋಡುತ್ತಿರಿ. ನಾಟಕ ಮಾಡಿದರೆ ಕಂಡುಹಿಡಿಯುತ್ತಾರೆ. ಇನ್ನೊಂದು ಮನೆ ಮನಸ್ಸಲ್ಲಿದ್ದರೆ ನಿಮ್ಮ ದನಿಯೇ ಬೇರೆ ಇರುತ್ತದೆ.

ಕಾಯುವುದಕ್ಕೂ ಖರ್ಚಿದೆ, ಅದನ್ನೂ ಹೇಳಬೇಕು. ನಾವು ಎಳೆದಾಡಿ ನೋಂದಣಿಗೆ ಹೋಗುವಷ್ಟರಲ್ಲಿ, ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಜುಲೈನಲ್ಲೇ ಮುಗಿಸಿದ್ದರೆ 95 ಸಾವಿರ ಉಳಿಯುತ್ತಿತ್ತು. ಆ ಸುದ್ದಿ ಓದಿದ ದಿನ ಮೇಷ್ಟ್ರ ಮೇಲೂ ನನ್ನ ಮೇಲೂ ಸಿಟ್ಟು ಬಂತು.

ಗಂಟು ಬಿಚ್ಚಿದ್ದು ಗೌರಿ ಹಬ್ಬದ ದಿನ. ಅರಿಶಿನ ಕುಂಕುಮಕ್ಕೆ ಅಂತ ನನ್ನ ಹೆಂಡತಿಯನ್ನು ಮೇಷ್ಟ್ರ ಮನೆಯವರು ಕರೆದಿದ್ದರು. ಅಡುಗೆಮನೆಯಲ್ಲಿ ತಾಂಬೂಲ ಕೊಡುತ್ತಾ ಆ ಅಮ್ಮ ಹೇಳಿದರಂತೆ: “ನಮ್ಮ ತಮ್ಮ ಹಿಂದಿನ ಬೀದೀಲಿ ಮಾರಿದ ನೋಡಮ್ಮ, ತೊಂಬತ್ತೈದಕ್ಕೆ. ಹಬ್ಬಕ್ಕೆ ಬಂದಾಗೆಲ್ಲ ಅದೇ ಮಾತು. ಇವ್ರಿಗೆ ಅದು ನುಂಗೋಕೆ ಆಗ್ತಿಲ್ಲ. ಅದಕ್ಕಿಂತ ಕಡಿಮೆಗೆ ಕೊಟ್ರೆ ಅವನ ಮುಂದೆ ಹೇಗೆ ಕೂತ್ಕೋತಾರೆ?”

ಒಂದು ಹತ್ತೂ ಅಲ್ಲ, ಒಂದು ಐದೂ ಅಲ್ಲ. ಅವರಿಗೆ ಬೇಕಿದ್ದದ್ದು ಭಾವಮೈದನಿಗಿಂತ ಒಂದು ಕೈ ಮೇಲೆ. ನಮ್ಮ ಹಾಳೆಯಲ್ಲಿ 96 ಇತ್ತಲ್ಲ, ಜಾಗ ಇತ್ತು. ಎರಡು ದಿನ ಬಿಟ್ಟು ಹೋಗಿ 95 ಲಕ್ಷದ 50 ಸಾವಿರ ಅಂದೆ. ನಾಲ್ಕು ತಿಂಗಳ ವಾಸದ ಮಾತನ್ನೂ ಸೇರಿಸಿದೆ. ಮೇಷ್ಟ್ರು ಉಯ್ಯಾಲೆಯನ್ನು ಕಾಲಿನಿಂದ ನಿಲ್ಲಿಸಿದರು. “ತೊಂಬತ್ತೈದೂವರೆ,” ಅಂತ ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಒಳಗೆ ತಿರುಗಿ, “ಏನೇ, ಕಾಫಿ ತಾ.” ಐದು ನಿಮಿಷದಲ್ಲಿ ಮುಗಿಯಿತು. ಆರು ವಾರದ ಹಿಂದೆಯೇ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದರೆ? ಅವಳು ಈಗಲೂ ಕೇಳುತ್ತಾಳೆ.

ನಿಮ್ಮ ಮಾಲೀಕರದ್ದು ಬೇರೆ ಕಾರಣ ಇರಬಹುದು. ಆದರೆ ಅದನ್ನು ಅವರ ಬಾಯಿಂದಲೇ ಕೇಳಲು ಕಾಯಬೇಡಿ. ಮನೆಯವರು, ಪಕ್ಕದವರು, ಎದುರಿನ ಅಂಗಡಿಯವರು, ಇವರಲ್ಲಿ ಯಾರಿಗೋ ಗೊತ್ತಿರುತ್ತದೆ. ಮತ್ತೆ, ನಿಮ್ಮ ಹಾಳೆಯ ಸಂಖ್ಯೆ ದಾಟಿದರೆ ಕಾರಣ ಎಷ್ಟೇ ಮನಮುಟ್ಟಿದರೂ ನಮಸ್ಕಾರ ಹೇಳಿ ಬನ್ನಿ. ಭಾವಮೈದ ಒಂದು ಕೋಟಿಗೆ ಮಾರಿದ್ದರೆ ನಾವು ಈ ಮನೆ ಬಿಡುತ್ತಿದ್ದೆವು.

ಹೆಜ್ಜೆ 8: ಒಪ್ಪಿದ ದಿನವೇ ಕಾಗದಕ್ಕೆ

ಹಠಮಾರಿಗಳು ಒಪ್ಪಿದ ರಾತ್ರಿ ನಿದ್ದೆ ಮಾಡುವುದಿಲ್ಲ, ಕಡಿಮೆಗೆ ಕೊಟ್ಟೆನಾ ಅಂತ ಹೊರಳಾಡುತ್ತಾರೆ. ಹಾಗಾಗಿ ಅವತ್ತೇ ಒಂದು ಟೋಕನ್ ಕೊಡಿ. ನಾವು 1,00,001 ರೂಪಾಯಿಯ ಚೆಕ್ ಬರೆದು, ಎಲೆ ಅಡಿಕೆ ಮೇಲಿಟ್ಟು ಕೊಟ್ಟೆವು. ರಸೀದಿಯಲ್ಲಿ ರೇಟು, ಸ್ವತ್ತಿನ ವಿವರ, ಅಗ್ರಿಮೆಂಟ್ ದಿನಾಂಕ ಬರೆಸಿಕೊಂಡೆವು.

ವಾರದೊಳಗೆ ವಕೀಲರ ಕೈಲಿ ಕ್ರಯದ ಕರಾರು ಮಾಡಿಸಿ. ಅದರಲ್ಲಿ ಇವು ಇರಲೇಬೇಕು: ಒಟ್ಟು ಬೆಲೆ ಮತ್ತು ಇಲ್ಲಿಯವರೆಗೆ ಕೊಟ್ಟದ್ದು, ಎಷ್ಟು ದಿನದೊಳಗೆ ನೋಂದಣಿ (ಸಾಲ ಇದ್ದರೆ 90 ದಿನ ಇಟ್ಟುಕೊಳ್ಳಿ), ಬ್ಯಾಂಕಿನ ವಕೀಲರು ಕಾಗದ ತಿರಸ್ಕರಿಸಿದರೆ ಅಡ್ವಾನ್ಸ್ ವಾಪಸು, ಮೂಲ ಪತ್ರಗಳ ಪಟ್ಟಿ, ಮನೆಯಲ್ಲಿ ಬಿಟ್ಟು ಹೋಗುವ ವಸ್ತುಗಳು, ಹೆಂಡತಿ ಮಕ್ಕಳ ಒಪ್ಪಿಗೆ ಸಹಿ. ಅಡ್ವಾನ್ಸ್ ಶೇ. 10ಕ್ಕಿಂತ ಜಾಸ್ತಿ ಕೊಡಬೇಡಿ.

ಕರಾರಾದ ಮೇಲೂ “ಇನ್ನೊಬ್ಬರು ಜಾಸ್ತಿ ಕೊಡ್ತಾರಂತೆ” ಅನ್ನುವವರಿದ್ದಾರೆ. ಕೋರ್ಟಿನಲ್ಲಿ ಕರಾರಿನಂತೆ ಮನೆ ಬರೆಸಿಕೊಡಿ ಅಂತ ಕೇಳುವ ಹಕ್ಕು ನಿಮಗಿದೆ, ಅದಕ್ಕೆ ಮೂರು ವರ್ಷದ ಗಡುವು. ಆದರೆ ನಿಮ್ಮ ದುಡ್ಡು ಸಿದ್ಧವಿತ್ತು, ನೀವು ತಯಾರಿದ್ದಿರಿ ಅಂತ ತೋರಿಸಬೇಕು. ಸಾಲ ಮಂಜೂರಾದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ‘ನೋಂದಣಿಗೆ ಯಾವಾಗ ಬರ್ತೀರಿ’ ಅಂತ ಕಳಿಸಿದ ಮೆಸೇಜು ಎಲ್ಲ ಇಟ್ಟುಕೊಂಡಿರಿ. ಇಷ್ಟು ಕಾಗದ ನಿಮ್ಮ ಹತ್ತಿರ ಇದೆ ಅಂತ ಗೊತ್ತಾದರೆ ಎಷ್ಟೋ ಜನ ಅಲ್ಲಿಗೇ ತಣ್ಣಗಾಗುತ್ತಾರೆ.

ಹೆಜ್ಜೆ 9: ನೋಂದಣಿ, ಬೀಗದ ಕೈ

ನೋಂದಣಿಯ ಹಿಂದಿನ ದಿನ ಇಸಿ ಇನ್ನೊಮ್ಮೆ ತೆಗೆಯಿರಿ. ಕರಾರಾದ ಮೇಲೆ ಏನಾದರೂ ಹೊಸ ನಮೂದು ಬಂದಿದೆಯಾ ನೋಡಿ. ಮೂಲ ಪತ್ರಗಳನ್ನು ಪಟ್ಟಿ ಹಿಡಿದು ಒಂದೊಂದಾಗಿ ಎಣಿಸಿ ಪಡೆಯಿರಿ, ಸಾಲ ಇದ್ದರೆ ಅವು ನೇರ ಬ್ಯಾಂಕಿಗೆ ಹೋಗುತ್ತವೆ. ಆಮೇಲೆ ಖಾತಾ, ಕರೆಂಟ್ ಮೀಟರು, ನೀರಿನ ಸಂಪರ್ಕ ನಿಮ್ಮ ಹೆಸರಿಗೆ.

ಹಳೇ ಬಾಕಿಗಳನ್ನು ಕೀಲಿ ಪಡೆಯುವ ವಾರದಲ್ಲಿ ನೋಡಿ. ನಮಗೆ ನೀರಿನ ಬಿಲ್ಲು 1,400 ಬಾಕಿ ಕಂಡಿತು. ಕೇಳಲಿಲ್ಲ, ನಾನೇ ಕಟ್ಟಿದೆ. ಎರಡು ತಿಂಗಳು ಎಳೆದು ಮುಗಿಸಿದ ವ್ಯವಹಾರವನ್ನು 1,400ಕ್ಕೆ ಮತ್ತೆ ತೆರೆಯುವ ಶಕ್ತಿ ನನ್ನಲ್ಲಿರಲಿಲ್ಲ.

ಕೀಲಿಗಳನ್ನು ಮಾತ್ರ ಎಣಿಸಿಕೊಳ್ಳಿ. ಮೇಷ್ಟ್ರು ಹನ್ನೊಂದು ಕೊಟ್ಟರು, ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಬರೆದಿದ್ದರು. ಸಂಪಿನ ಮುಚ್ಚಳದ ಬೀಗದ್ದು ಅದರಲ್ಲಿರಲಿಲ್ಲ. ಫೋನ್ ಮಾಡಿ ಕೇಳಿದರೆ, “ಕೊಟ್ಟಿದೀನಿ, ಸರಿಯಾಗಿ ನೋಡಿ” ಅಂತಲೇ ಹೇಳುತ್ತಾರೆ. ಬೀಗ ಒಡೆಸಿದೆವು.